ಕೇಬಲ್ ಬಾಕಿ

ತಿಂಗಳ ಒಂದನೇ ತಾರೀಖು ದುಧನಿಯ ಓಣಿ ಓಣಿ
ರಸೀದಿ ಪುಸ್ತಕ ಹಿಡಿದು ತಿರುಗುತ್ತೇನೆ.
ಇನ್ನೂರೈವತ್ತು ರೂಪಾಯಿಯ ಜೊತೆಗೆ
ಅನಿಕೇತನ ಮೇಲಿನ ದೂರೂ ನನ್ನ ಕೈಗೇ ಬೀಳುತ್ತದೆ,
ಆ ಧಾರಾವಾಹಿ ನಾನೇ ಬರೆದ ಹಾಗೆ,
ಅವನು ನನ್ನ ಖಾಸಾ ಸೋದರಳಿಯ ಆದ ಹಾಗೆ.

ಅವನು ಮುಂಬೈಯ ಫ್ಲ್ಯಾಟಿನಲ್ಲಿ ಮರಾಠಿಯಲ್ಲಿ ತಪ್ಪು ಮಾಡುತ್ತಾನೆ.
ಇವರು ಇಲ್ಲಿ ಕನ್ನಡದಲ್ಲಿ ಬೈಯುತ್ತಾರೆ.

ತೊಗರಿ ಮಿಲ್ಲಿನ ತೂಕದ ಚನಮಲ್ಲಪ್ಪ
ಹಮಾಲರ ಮುಂದೆ ಲೆಕ್ಕ ಒಪ್ಪಿಸುತ್ತಾನೆ:
"ಜೂನದಿಂದ ಇಲ್ಲೀತನಕ ಏಳು ಮಂದಿ ಹೆಂಗಸರು,
ಎರಡು ನೌಕರಿ, ಒಂದು ಕಾರು.
ಇಷ್ಟು ಘಾಟಾ ಆದರೂ ಅಂಗಡಿ ಮುಚ್ಚವಲ್ಲ ನೋಡು ಮಗ."
ಹೇಳುವಾಗ ಮುಖದಲ್ಲಿ ಸಿಟ್ಟಲ್ಲದ ಏನೋ ಮಿಂಚಿ,
ತೂಕದ ಕಲ್ಲು ಸರಿಸುವ ನೆಪದಲ್ಲಿ ಬಗ್ಗುತ್ತಾನೆ.

ಸಾತಲಿಂಗ ಮಾಸ್ತರರಿಗೆ ಇದರಲ್ಲಿ ನೀತಿ ಬೇಕು.
ಒಂದು ಕಂತೂ ಬಿಟ್ಟಿಲ್ಲ,
ನೀತಿ ಯಾವಾಗ ಬಂದೀತೆಂದು ಹೇಳಲಾಗದಲ್ಲ.
ಮೊಮ್ಮಗಳು ಶುಭಾಂಗಿ: "ಅಜ್ಜಾ, ಅಂವ ಯಾರನ್ನೂ ಎಳಕೊಂಡು ಹೋಗಿಲ್ಲ.
ಅವರ ಕಾಲಲೇ ಅವರು ಬಂದಾರ."
ಮಾಸ್ತರರು ಕನ್ನಡಕ ಒರೆಸುತ್ತಾರೆ.
ಒಳಗಿನಿಂದ ಅಜ್ಜಿ ಒಮ್ಮೆ ಕೆಮ್ಮುತ್ತಾರೆ.

ಕೌದಿ ಹೊಲಿಯುವ ಖಾಜಾಬೀಯದು ಬೇರೆಯೇ ಚಿಂತೆ.
"ಆರು ತಿಂಗಳಾತು, ಅಂವ ಊಟಕ್ಕ ಕುಂತದ್ದು ನೋಡಿಲ್ಲ ನಾ.
ಬರೇ ಗ್ಲಾಸು. ಹಿಂಗಾದರ ಕರುಳು ಏನಾಗಬೇಕು?
ಏಳು ಮಂದ್ಯಾಗ ಒಬ್ಬಾಕಿಗೂ ರೊಟ್ಟಿ ಬಡೀಲಿಕ್ಕೆ ಬರಂಗಿಲ್ಲೇನು?"

ಕಳೆದ ತಿಂಗಳು ಸಿಡಿಲಿಗೆ ಆಂಪ್ಲಿಫೈಯರ್ ಸುಟ್ಟು
ಎರಡು ದಿನ ಓಣಿಯ ಪರದೆಗಳೆಲ್ಲ ಕಪ್ಪು.
ಕಂಬದ ಮೇಲಿದ್ದೆ ನಾನು. ಕೆಳಗಿನಿಂದ ಕೇಳಿದಳು:
ಏನಾತು ಅವಂದು?
ಇಕ್ಕಳ ಬಾಯಲ್ಲಿ ಕಚ್ಚಿಕೊಂಡೇ ಸುಳ್ಳು ಹೇಳಿದೆ:
ಮನಿಗೆ ಹೋದ, ಕೈ ತೊಳಕೊಂಡ,
ಎರಡು ರೊಟ್ಟಿ, ಶೇಂಗಾ ಹಿಂಡಿ, ಮೊಸರು.
"ಅಷ್ಟ ಸಾಕು" ಅಂದಳು ಖಾಜಾಬೀ,
ಆ ತಿಂಗಳು ಹತ್ತು ರೂಪಾಯಿ ಹೆಚ್ಚು ಕೊಟ್ಟಳು.
ವಾಪಸ್ಸು ಕೊಡಬೇಕಿತ್ತು.

ಬಳೆ ಅಂಗಡಿಯ ಮಹಾನಂದಾ ಚಿಲ್ಲರೆ ಎಣಿಸುತ್ತ
ತಲೆ ಎತ್ತದೆ ಹೇಳಿದ್ದು ಇಷ್ಟೇ:
"ಅವನ ಹೇಣತಿಗೆ ಮೂರು ಮಿನಿಟು ಕೊಡತಾರ.
ಬಾಗಿಲಾ ತಗೀತಾಳ, ನೋಡತಾಳ, ಬಾಗಿಲಾ ಹಾಕತಾಳ.
ಉಳಿದ ಹೊತ್ತು ಆಕಿ ಏನ್ ಮಾಡತಿರತಾಳ?
ಅದನ್ನ ಯಾವ ಚಾನೆಲ್‌ನಾಗ ಹಾಕತೀಯೋ ಶಾಂತಮಲ್ಲ?"

ನಾನು ರಸೀದಿ ಹರಿದು ಕೊಟ್ಟೆ.

ಹನ್ನೊಂದು ವರ್ಷದ ಹಿಂದೆ ಸೊಲ್ಲಾಪುರದ ಚಾದರ ಹೊತ್ತು
ಗಾಣಗಾಪುರ, ಆಳಂದ, ಉಮರ್ಗಾ ಸುತ್ತುತ್ತಿದ್ದೆ.
ಚಾದರ ಮಾರಿದ ಲೆಕ್ಕ ಮಾಲಕನಿಗೆ ಕೊಟ್ಟಿದ್ದೇನೆ.
ಉಳಿದ ಲೆಕ್ಕ ಯಾರೂ ಕೇಳಿಲ್ಲ,
ಅಂದರೆ, ಕೇಳಬೇಕಾದವಳು ಕೇಳಿಲ್ಲ.

ನಿನ್ನೆ ರಾತ್ರಿ ಅನಿಕೇತ ಮನೆಗೆ ಬಂದ.
ಕಾಲಲ್ಲಿ ಒಂದೇ ಚಪ್ಪಲಿ, ಕೊರಳಲ್ಲಿ ಯಾರದೋ ಓಢಣಿ.
ಕರೆಗಂಟೆ ಅಂತ ಗೋಡೆಯ ಹಲ್ಲಿಯನ್ನು ಒತ್ತಿದ.
ಪರದೆಯ ಹಿಂದಿನ ಜನ ಹೋ ಎಂದು ನಕ್ಕರು,
ಅವರಿಗೆ ಸಂಬಳ ಇದೆ.
ಇಂದುಮತಿಯೂ ನಕ್ಕಳು. ಮೆಂತ್ಯ ಸೋಸುತ್ತಿದ್ದವಳು
ಕೈಬಿಟ್ಟು, ಕಣ್ಣಲ್ಲಿ ನೀರು ಬರುವ ಹಾಗೆ,
ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ನನ್ನ ಒಂದು ಚಪ್ಪಲಿ ಉಮರ್ಗಾ ಸ್ಟ್ಯಾಂಡಿನಲ್ಲಿ ಉಳಿದಿತ್ತು.
ಈ ಬಾಗಿಲೇ. ಅವತ್ತು ಮಳೆ ಇರಲಿಲ್ಲ, ಗುಡುಗು ಇರಲಿಲ್ಲ,
ಯಾರೂ ನಕ್ಕಿರಲಿಲ್ಲ.
ಇವಳು ನೀರಿನ ತಂಬಿಗೆ ಇಟ್ಟು ಒಳಗೆ ಹೋಗಿದ್ದಳು.

ರಿಮೋಟು ನನ್ನ ತೊಡೆಯ ಮೇಲಿತ್ತು.
ಅವಳ ಕಡೆ ನೋಡಿದೆ. ಅವಳು ಪರದೆಯ ಕಡೆಯೇ ನೋಡುತ್ತ,
ಮೆಂತ್ಯದ ಕಡ್ಡಿ ಒಂದು ಪಕ್ಕಕ್ಕೆಸೆದು,
"ಆವಾಜ ಸ್ವಲ್ಪ ಏರಿಸರಿ" ಅಂದಳು.